ಕಾರು ಬರುವ ಮೊದಲು ಮೀಟರ್ ಬೋರ್ಡ್ ನೋಡಿ

ರಜೆಗೆ ಊರಿಗೆ ಬರುವ ಗಲ್ಫ್ ಹುಡುಗರ ಪೆಟ್ಟಿಗೆಯಲ್ಲಿ ಮೊದಲು ಅತ್ತರು, ಕಂಬಳಿ, ಟ್ಯಾಂಗ್ ಡಬ್ಬ ಇರುತ್ತಿತ್ತು. ಈ ಸಲ ಊರಿಗೆ ಹೋದಾಗ ನಾವು ಕಂಡದ್ದು ಎಲೆಕ್ಟ್ರಿಕ್ ಕಾರಿನ ಚಾರ್ಜರ್. ತಮ್ಮ ಇಲ್ಲಿ ಕಾರು ತೆಗೆದಿದ್ದಾನೆ, ಅಣ್ಣ ದುಬೈಯಿಂದ ಚಾರ್ಜರ್ ತಂದಿದ್ದಾನೆ. "ಅಲ್ಲಿ ಕ್ರಯ ಕಡಿಮೆ ಉಸ್ತಾದರೇ" ಅಂದ. ಇರಬಹುದು. ಆದರೆ ಅದರ ಪ್ಲಗ್ಗು ಅಲ್ಲಿನದು, ಚಪ್ಪಟೆ ಮೂರು ಪಿನ್ನಿನ 13 ಆಂಪಿಯರಿನದು. ನಮ್ಮ ಗೋಡೆಯಲ್ಲಿರುವುದು ಗುಂಡು ಪಿನ್ನಿನ ತೂತು. ನಡುವೆ ಒಂದು ಅಡಾಪ್ಟರ್ ಬಂತು, ಪೇಟೆಯ ಫ್ಯಾನ್ಸಿ ಅಂಗಡಿಯದು. ಮೂರನೇ ರಾತ್ರಿ ಅದು ಕರಗಿತು. ಸುಬ್ಹಿಗೆ ವುಳೂ ಮಾಡಲು ಎದ್ದ ಉಮ್ಮನಿಗೆ ರಬ್ಬರು ಸುಟ್ಟ ವಾಸನೆ ಬಂದು ಮೇನ್ ಸ್ವಿಚ್ ಇಳಿಸಿದರು. ಗೋಡೆ ಕಪ್ಪಾದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆ ಸಾಕೆಟ್ಟಿನ ಹಿಂದಿನ ಕೋಣೆಯಲ್ಲಿ ಮೂವರು ಮಕ್ಕಳು ಮಲಗಿದ್ದರು.

ಈ ವಾರ ಇದನ್ನೇ ಬರೆಯುತ್ತಿದ್ದೇವೆ. ಇದು ಕಾರಿನ ದೂರಲ್ಲ. ಕಾರು ಒಳ್ಳೆಯದೇ, ಲೆಕ್ಕವೂ ಒಳ್ಳೆಯದೇ. ಪೆಟ್ರೋಲ್ ಕಾರಿಗೆ ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಐದೂವರೆ ಸಾವಿರದ ಸುತ್ತ ಬೇಕು. ಸಣ್ಣ ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ ಏಳೆಂಟು ಕಿಲೋಮೀಟರ್ ಓಡಿದರೆ ಅದೇ ಸಾವಿರಕ್ಕೆ 130-140 ಯೂನಿಟ್ ಸಾಕು. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿಸಿ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಸಾವಿರ ರೂಪಾಯಿ ಆಸುಪಾಸು. ಶೋರೂಮಿನವರು ಈ ಲೆಕ್ಕ ಚೆನ್ನಾಗಿ ಹೇಳುತ್ತಾರೆ. ಮನೆಯ ವಯರು ಎಷ್ಟು ವರ್ಷದ್ದು ಎಂದು ಮಾತ್ರ ಕೇಳುವುದಿಲ್ಲ.

ಕೇಳಬೇಕಾದದ್ದು ಅದೇ. ನಮ್ಮ ಮನೆಗಳಲ್ಲಿ 15 ಆಂಪಿಯರಿನ ಪವರ್ ಪ್ಲಗ್ ಎಂದು ಇರುವುದು ಗೀಸರಿಗೆ, ಗ್ರೈಂಡರಿಗೆ ಹಾಕಿಸಿದ್ದು. ಗೀಸರ್ ಇಪ್ಪತ್ತು ನಿಮಿಷ ಉರಿದು ಆರುತ್ತದೆ. ಕಾರಿನ ಜೊತೆ ಬರುವ ಚಾರ್ಜರ್ ಅದೇ ಪ್ಲಗ್ಗಿನಿಂದ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ, ಅದೂ ಎಂಟೊಂಬತ್ತು ಗಂಟೆ ಬಿಡದೆ. 24 ಯೂನಿಟ್ ಹಿಡಿಯುವ ಬ್ಯಾಟರಿ ಖಾಲಿಯಿಂದ ತುಂಬಲು ಅಷ್ಟು ಹೊತ್ತು ಬೇಕು. ಸ್ಕ್ರೂ ಸಡಿಲವಾದ ಸಾಕೆಟ್ಟು ಇಪ್ಪತ್ತು ನಿಮಿಷ ತಡೆದೀತು, ಎಂಟು ಗಂಟೆ ತಡೆಯುವುದಿಲ್ಲ. ಬಿಸಿಯಾದ ಹಾಗೆ ಇನ್ನಷ್ಟು ಸಡಿಲ, ಸಡಿಲವಾದ ಹಾಗೆ ಇನ್ನಷ್ಟು ಬಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಅಂಗಳದಲ್ಲಿ ಚಾರ್ಜ್ ಮಾಡುವವರ ಮಾತನ್ನಂತೂ ಕೇಳಲೇಬೇಡಿ.

ಮಾಡಬೇಕಾದದ್ದು ದೊಡ್ಡ ವಿದ್ಯೆಯಲ್ಲ. ಮೀಟರ್ ಬೋರ್ಡಿನಿಂದ ಕಾರಿಗೇ ಅಂತ ಬೇರೆ ಒಂದು ಲೈನ್, ತಾಮ್ರದ 4 ಚದರ ಮಿಲಿಮೀಟರ್ ವಯರು, ಅದಕ್ಕೆ ಸ್ವಂತ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅಂಗಡಿಯಲ್ಲಿ ಆರ್‌ಸಿಸಿಬಿ ಕೇಳಿದರೆ ಸಾಮಾನ್ಯವಾಗಿ 'ಎಸಿ' ಟೈಪಿನದು ಕೊಡುತ್ತಾರೆ. ಕಾರಿಗೆ ಕಡಿಮೆಯೆಂದರೂ 'ಎ' ಟೈಪಿನದು ಬೇಕು, ಕಾರಿನ ಒಳಗಿನ ಎಲೆಕ್ಟ್ರಾನಿಕ್ಸಿನಿಂದ ಸೋರುವ ಕರೆಂಟನ್ನು ಸಾದಾ ಟೈಪ್ ಸರಿಯಾಗಿ ಹಿಡಿಯುವುದಿಲ್ಲ. ಸಾಕೆಟ್ಟು ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಆದರೆ ಇನ್ನೂ ಒಳ್ಳೆಯದು, ಆದರೆ ಚಾರ್ಜರಿನ ತುದಿ ಅದಕ್ಕೆ ಹೊಂದುತ್ತದೆಯೇ ಎಂದು ಕಂಪೆನಿಯವರನ್ನು ಕೇಳಿಯೇ ಹಾಕಿಸಿ. ಮತ್ತೆ ಅಡಾಪ್ಟರ್ ಬರುವುದು ಬೇಡ.

ಗೋಡೆಗೆ ಹಾಕುವ 7.2 ಕಿಲೋವ್ಯಾಟಿನ ಪೆಟ್ಟಿಗೆ ಬೇಕೇ ಎಂದು ಹಲವರು ಕೇಳುತ್ತಾರೆ. ಅದು 32 ಆಂಪಿಯರ್ ಎಳೆಯುವ ವಸ್ತು. ವಯರು ಇನ್ನೂ ದಪ್ಪ, ಮನೆಯ ಲೋಡೂ ಜಾಸ್ತಿ ಬೇಕು. ಒಂದು ಗುಟ್ಟು ಹೇಳುತ್ತೇವೆ: ಎಷ್ಟು ಬೇಗ ತುಂಬಬೇಕು ಎಂದು ತೀರ್ಮಾನಿಸುವುದು ಗೋಡೆಯ ಪೆಟ್ಟಿಗೆಯಲ್ಲ, ಕಾರಿನ ಒಳಗಿನ ಚಾರ್ಜರ್. ಕಾರು 3.3 ಕಿಲೋವ್ಯಾಟ್ ಮಾತ್ರ ನುಂಗುವ ಮಾದರಿಯಾದರೆ 7.2ರ ಪೆಟ್ಟಿಗೆ ಹಾಕಿಸಿದರೂ 3.3ರಲ್ಲೇ ತುಂಬುತ್ತದೆ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಓಡಿಸುವ ಮನೆಗೆ ರಾತ್ರಿ ಎರಡು ಮೂರು ಗಂಟೆ ಚಾರ್ಜು ಸಾಕು, ಅದಕ್ಕೆ ಸಾದಾ ಚಾರ್ಜರೇ ಧಾರಾಳ. ಗಲ್ಫಿನಿಂದ ತರುವವರು ಕಾರಿನ ಕಡೆಯ ತುದಿಯನ್ನೂ ನೋಡಬೇಕು. ನಮ್ಮಲ್ಲಿ ಮಾರುವ ಕಾರುಗಳ ಎಸಿ ತೂತು 'ಟೈಪ್ 2'. ಅಲ್ಲಿ ಚೀನಾದ ಕಾರುಗಳಿಗೆ ಬರುವ 'ಜಿಬಿ/ಟಿ' ತುದಿ ಇದಕ್ಕೆ ಕೂರುವುದೇ ಇಲ್ಲ.

ಇನ್ನು ಅರ್ಥಿಂಗ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರಿನ ಚಾರ್ಜರ್ ಅರ್ಥ್ ಸರಿ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅದು ಕೆಟ್ಟದ್ದಲ್ಲ, ಅದು ಮಾಡುತ್ತಿರುವುದು ತನ್ನ ಕೆಲಸ. ಆದರೆ ನಮ್ಮ ಕಡೆ ಕೆಲವು ವಯರಿಂಗ್ ಹುಡುಗರು ಪ್ಲಗ್ಗಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವಯರು ಕಟ್ಟಿ "ಸರಿಯಾಯ್ತು ಕಾಕ" ಎಂದು ಇನ್ನೂರು ರೂಪಾಯಿ ಇಸ್ಕೊಂಡು ಹೋಗುತ್ತಾರೆ. ಹಸಿರು ದೀಪ ಬರುತ್ತದೆ, ನಿಜ. ಎಂದಾದರೊಂದು ದಿನ ಗಾಳಿಮಳೆಗೆ ಕಂಬದ ನ್ಯೂಟ್ರಲ್ ತುಂಡಾದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರಬಹುದು. ಒದ್ದೆ ಅಂಗಳದಲ್ಲಿ ಬರಿಗಾಲಿನ ಮಗು ಬಾಗಿಲ ಹಿಡಿಗೆ ಕೈ ಹಾಕಿದರೆ ಮುಂದಿನದು ಬರೆಯಲು ನಮಗೆ ಮನಸ್ಸಿಲ್ಲ. ಯಾರಾದರೂ ನಿಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ಇವತ್ತೇ ಬಿಚ್ಚಿಸಿ.

ನಾವು ಮದರಸ ಖಿದ್ಮತ್ತಿಗೆ ಇರುವುದು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲಿ. ಕರಾವಳಿಯ ಮುರಕಲ್ಲಿಗೂ ಇಲ್ಲಿನ ಎರೆಮಣ್ಣಿಗೂ ಅಜಗಜಾಂತರ. ಮುರಕಲ್ಲು ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಅಲ್ಲಿ ಅರ್ಥ್ ಗುಂಡಿ ಆಳ ಬೇಕು. ಎರೆಮಣ್ಣು ಹಸಿಯಿರುವಾಗ ಅರ್ಥಿಗೆ ಬಹಳ ಒಳ್ಳೆಯದು, ಆದರೆ ಏಪ್ರಿಲ್ ಮೇ ಬಂದರೆ ಕೈ ತೂರುವಷ್ಟು ಬಿರುಕು ಬಿಟ್ಟು ಕಂಬಿಯಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥ್ ಬೇಸಿಗೆಯಲ್ಲಿ ಕೈಕೊಡುವುದು ಇದಕ್ಕೇ. ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹೊಯ್ಯಿರಿ. ವರ್ಷಕ್ಕೊಮ್ಮೆ ಮೀಟರ್ ಹಚ್ಚಿ ಓಮ್ ಲೆಕ್ಕ ನೋಡಿಸಿ. ಬಲ್ಬು ಹಚ್ಚಿ ನೋಡಿದರೆ ಸಾಲದು.

ಹಚ್ಚೊಳ್ಳಿಯವನಿಗೆ ಹೆದ್ದಾರಿಯ ಫಾಸ್ಟ್ ಚಾರ್ಜರ್ ದೂರದ ಮಾತು, ಮನೆಯ ಸಾಕೆಟ್ಟೇ ಬಂಕು. ಹಾಗಾಗಿ ಇಲ್ಲಿ ಪ್ರಶ್ನೆಗಳೂ ಬೇರೆ. ಒಬ್ಬರು ಬಂದು ಕೇಳಿದರು: "ಉಸ್ತಾದ್ರೀ, ಇಶಾ ಆದಮ್ಯಾಲೆ ಮಸೀದಿ ಪ್ಲಗ್ಗಿಗೆ ಕಾರು ಹಾಕ್ಲೇನ್ರೀ? ರಾತ್ರಿ ಯಾರೂ ಇರಂಗಿಲ್ಲ." ಇನ್ನೊಬ್ಬರದು ಹೊಲದ ಪಂಪಿನ ಲೈನು, "ಅದು ಹೆಂಗೂ ಫ್ರೀ ಅಲ್ರೀ?" ಎಂದು. ಇಬ್ಬರೂ ಕಳ್ಳರಲ್ಲ, ಒಳ್ಳೆಯ ಜನ. ಅವರನ್ನು ಈ ಯೋಚನೆಗೆ ತಂದದ್ದು ಗೃಹಜ್ಯೋತಿಯ 200 ಯೂನಿಟ್ಟಿನ ಗೆರೆ.

2023ರಿಂದ ನಮ್ಮ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. ಮನೆಯ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಪಾಲು ಗೊತ್ತು ಮಾಡಿದ್ದಾರೆ. ಪಾಲು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು. ತಿಂಗಳಿಗೆ 90 ಯೂನಿಟ್ ಉರಿಸುವ ಮನೆಗೆ ಕಾರಿನ 140 ಸೇರಿದರೆ 230 ಆಯಿತು, ಶೂನ್ಯ ಹೋಯಿತು. ಇದಕ್ಕೆ ಹೆದರಿ ಜನ ಬೇರೆಯವರ ಪ್ಲಗ್ಗು ಹುಡುಕುತ್ತಾರೆ. ಆದರೆ ಕೂತು ಲೆಕ್ಕ ಹಾಕಿ: 230 ಯೂನಿಟ್ಟಿಗೂ ಪೂರ್ತಿ ಕಟ್ಟಿದರೆ ಹದಿನಾರು ನೂರು, ಮೇಲೆ ನಿಗದಿ ಶುಲ್ಕ. ಪೆಟ್ರೋಲಿನಲ್ಲಿ ಉಳಿದದ್ದರ ಮುಂದೆ ಅದು ಏನು?

ಮಸೀದಿಯ ಕರೆಂಟು ಜಮಾಅತಿನ ದುಡ್ಡು. ಒಂದು ಕಾರು ಪೂರ್ತಿ ತುಂಬಲು ನಷ್ಟ ಸೇರಿ ಸುಮಾರು 27 ಯೂನಿಟ್ ಬೇಕು. ಬಾಂಗಿನ ಮೈಕಿಗೂ ಫ್ಯಾನಿಗೂ ಎಂದು ಬಡವರು ಹಾಕಿದ ಹತ್ತು ಇಪ್ಪತ್ತು ರೂಪಾಯಿಗಳಿಂದ ಅದನ್ನು ಎಳೆಯುವುದು ಅಮಾನತ್ತಿಗೆ ಕೈ ಹಾಕಿದಂತೆ. ಕಮಿಟಿ ಅಧ್ಯಕ್ಷರು "ಪರವಾಗಿಲ್ಲ" ಅಂದರೂ ಅದು ಅವರ ಮನೆಯ ಸೊತ್ತಲ್ಲ. ಮೊಬೈಲ್ ಚಾರ್ಜಿಗೆ ಹಾಕುವವರಿಗೆ ನಾವು ಏನೂ ಹೇಳಿಲ್ಲ, ಇದು ಮೊಬೈಲಲ್ಲ. ಪಂಪಿನ ಲೈನಿನದು ಸರಕಾರದ ಲೆಕ್ಕ. 10 ಎಚ್‌ಪಿವರೆಗೆ ಉಚಿತ ಕೊಟ್ಟದ್ದು ನೀರೆತ್ತಲು, ಕಾರಿಗಲ್ಲ. ಮಂಜೂರಾದ ಉದ್ದೇಶ ಬಿಟ್ಟು ಬೇರೆಗೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರದಲ್ಲಿ ವಸೂಲು ಮಾಡುತ್ತಾರೆ. ಎಂದಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ. ಕಳ್ಳತನ ಎಂದು 135ನೇ ಕಲಮಿಗೆ ಹೋದರೆ ಜೈಲಿನ ಮಾತೂ ಇದೆ. ಪಂಪಿನ ಮೋಟಾರು ಸ್ಟಾರ್ಟ್ ಆಗುವಾಗ ವೋಲ್ಟೇಜು ಏರಿಳಿಯುವ ಲೈನಿಗೆ ಲಕ್ಷಗಟ್ಟಲೆಯ ಕಾರು ಕಟ್ಟುವುದು ಜಾಣತನವೂ ಅಲ್ಲ.

ಹಕ್ಕಿನ ದಾರಿ ಇದೆ, ಜನ ಕೇಳುತ್ತಿಲ್ಲ ಅಷ್ಟೇ. ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿ ಪ್ರಕಾರ, ವಾಹನ ಚಾರ್ಜಿಂಗಿಗೆ ಬೇರೆ ಸಂಪರ್ಕ ಕೇಳಿದರೆ ವಿದ್ಯುತ್ ಕಂಪೆನಿ ಕೊಡಬೇಕು. ಕರ್ನಾಟಕದ ಆಯೋಗ ವಾಹನ ಚಾರ್ಜಿಂಗಿಗೆ ಬೇರೆಯೇ ದರದ ವರ್ಗ ಇಟ್ಟಿದೆ. ಬೇರೆ ಮೀಟರ್ ಆದರೆ ಮನೆಯ 90 ಯೂನಿಟ್ ಮನೆಯ ಲೆಕ್ಕದಲ್ಲೇ ಉಳಿಯುತ್ತದೆ, ಕಾರಿನದು ಕಾರಿಗೆ. ಮಂಗಳೂರಿನ ಫ್ಲಾಟುಗಳಲ್ಲಿರುವ ನಮ್ಮವರಿಗೂ ಇದೇ ದಾರಿ. ಅಸೋಸಿಯೇಷನ್ನಿನ ಕಾಮನ್ ಲೈನಿಗೆ ಕದ್ದು ಹಾಕಿ ವಾಟ್ಸ್ಯಾಪಿನಲ್ಲಿ ಜಗಳ ಮಾಡುವ ಬದಲು ಸ್ವಂತ ಮೀಟರಿಗೆ ಅರ್ಜಿ ಕೊಡಿ.

ಬೇರೆ ಮೀಟರ್ ಬೇಡ ಎನ್ನುವವರು ಕನಿಷ್ಠ ಮಂಜೂರಾದ ಲೋಡ್ ನೋಡಿ. ಬಿಲ್ಲಿನಲ್ಲೇ ಬರೆದಿರುತ್ತದೆ. ಹಳೆ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ, ಕಾರು ಒಂದೇ ಮೂರು ಎಳೆಯುತ್ತದೆ. ಲೋಡ್ ಏರಿಸಿದರೆ ತಿಂಗಳ ನಿಗದಿ ಶುಲ್ಕ ಏರುತ್ತದೆ, ಅದನ್ನು ಹೇಳದೆ ಮುಚ್ಚಿಡುವುದು ಸರಿಯಲ್ಲ. ಆದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಈ ಲೆಕ್ಕದ ಮೇಲೆಯೇ ಕೂರಿಸಿದ್ದು. ಒಂದು ಬೀದಿಯಲ್ಲಿ ನಾಲ್ಕು ಕಾರು ಹೇಳದೆ ಕೇಳದೆ ಒಟ್ಟಿಗೆ ಎಳೆದರೆ ಮೇ ತಿಂಗಳ ರಾತ್ರಿ ಫ್ಯಾನು ನಿಲ್ಲುವುದು ಪಕ್ಕದ ಮನೆಯ ಬಾಣಂತಿಗೂ.

ಸೋಲಾರ್ ಹಾಕಿಸುವವರಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಸಿರುಗುಪ್ಪದ ಬಿಸಿಲಿಗೆ ದಿನಕ್ಕೆ ಹನ್ನೆರಡು ಯೂನಿಟ್ ಆಸುಪಾಸು ಬರುತ್ತದೆ. ಬಿಸಿಲಾದರೂ ಒಂದು ಕೆಲಸಕ್ಕೆ ಬರಲಿ.

ಜೆಸ್ಕಾಂ ಮತ್ತು ಮೆಸ್ಕಾಂನವರಲ್ಲಿ ನಮ್ಮ ಕೋರಿಕೆ ಒಂದೇ. ವಾಹನದ ಮೀಟರಿಗೆ ಬೇಕಾದ ಕಾಗದ, ಠೇವಣಿ, ದರ ಇವಿಷ್ಟನ್ನು ಹೋಬಳಿ ಮಟ್ಟದ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಓದುಗರಲ್ಲಿ ಕೋರುವುದು ಇಷ್ಟು: ಬುಕಿಂಗ್ ದುಡ್ಡು ಕಟ್ಟುವ ಮುನ್ನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೆ ಕರೆಸಿ, ಮೀಟರ್ ಬೋರ್ಡಿನ ಮುಚ್ಚಳ ತೆಗೆಸಿ, ವಯರು ತಾಮ್ರವೋ ಅಲ್ಯೂಮಿನಿಯಮ್ಮೋ, ಅರ್ಥ್ ಗುಂಡಿ ಎಲ್ಲಿದೆ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ನಾವು ಕೇಳಿದ ಹತ್ತು ಮನೆಗಳಲ್ಲಿ ಗುಂಡಿ ಎಲ್ಲಿದೆ ಎಂದು ತೋರಿಸಿದ್ದು ಎರಡು ಮನೆಯವರು. ಒಂದರ ಮೇಲೆ ಕೋಳಿಗೂಡು ಇತ್ತು.