ಕರಿಮರಳಿನ ದಂಡೆಯಲ್ಲಿ ರಜೆ

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ಚಿತ್ರವನ್ನು ನೀವು ಯಾವುದಾದರೊಂದು ಕ್ಯಾಲೆಂಡರಿನಲ್ಲಿ ನೋಡಿಯೇ ಇರುತ್ತೀರಿ. ಕಡಿದಾದ ಬಂಡೆಯ ನೆತ್ತಿಯಲ್ಲಿ ಸುಣ್ಣ ಬಳಿದ ಮನೆಗಳು, ನೀಲಿ ಗುಮ್ಮಟಗಳು, ಕೆಳಗೆ ಕಡುನೀಲಿ ಸಮುದ್ರ. ಆದರೆ ಈಜಲು, ಮೈಗೆ ಬಿಸಿಲು ಕಾಯಿಸಲು ಬಂದವರು ಹೋಗುವುದು ದ್ವೀಪದ ಇನ್ನೊಂದು ಮಗ್ಗುಲಿನ ಕಮಾರಿ, ಪೆರಿಸ್ಸಾ ಎಂಬ ಊರುಗಳಿಗೆ. ಇದಕ್ಕೆ ಕಾರಣ ನೆಲದಡಿ ಇದೆ.

ಸ್ಯಾಂಟೊರಿನಿ ಒಂದು ಜ್ವಾಲಾಮುಖಿ. ಸುಮಾರು 3,600 ವರ್ಷಗಳ ಹಿಂದೆ ಅದು ಭೀಕರವಾಗಿ ಸಿಡಿಯಿತು. ಒಡಲಿನ ಶಿಲಾರಸ ಹೊರಬಿದ್ದು, ಮೇಲಿನ ನೆಲ ಕುಸಿದು, ಆ ಹೊಂಡವನ್ನು ಸಮುದ್ರ ತುಂಬಿತು. ಹೊಂಡದ ಕಡೆಗಿನ ಗೋಡೆ ಸುಮಾರು 300 ಮೀಟರ್ ಎತ್ತರ. ಅಲ್ಲಿ ಮರಳು ನಿಲ್ಲಲು ಜಾಗವೇ ಇಲ್ಲ. ಹೊರಮೈ ಮಾತ್ರ ಮೆಲ್ಲಗೆ ಇಳಿದು ಕಡಲು ಸೇರುತ್ತದೆ. ಹೀಗಾಗಿ ಉದ್ದನೆಯ ದಂಡೆಗಳಿರುವುದು ಅಲ್ಲಿ. ಮರಳು ಕಪ್ಪಗಿದೆ, ಅದು ಲಾವಾ ಕಲ್ಲಿನ ಪುಡಿ. ಕಪ್ಪು ಬಣ್ಣ ಬಿಸಿಲನ್ನು ಹೀರುವುದರಿಂದ ಜುಲೈ ಮಧ್ಯಾಹ್ನ ಅದರ ಮೇಲೆ ಬರಿಗಾಲಿನಲ್ಲಿ ನಡೆಯಲಾಗದು. ನಮ್ಮ ಮಲ್ಪೆಯಂತೆ ಇಲ್ಲಿ ಭರತ ಇಳಿತಗಳ ಆಟವೂ ಇಲ್ಲ. ನೀರು ಏರಿಳಿಯುವುದು ಒಂದು ಗೇಣಿನೊಳಗೆ. ಆದ್ದರಿಂದಲೇ ಕುರ್ಚಿ, ಕೊಡೆಗಳನ್ನು ನೀರಿನಂಚಿಗೇ ಹಾಕುತ್ತಾರೆ.

ಸುತ್ತಲೂ ನೀರಿದ್ದರೂ ಕುಡಿಯುವ ನೀರಿಗೆ ಬರ. ನದಿಯಿಲ್ಲ, ಬೇಸಿಗೆಯಲ್ಲಿ ಮಳೆಯಿಲ್ಲ. ಹಿಂದಿನವರು ಚಳಿಗಾಲದ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬಾಳಿದರು. ದ್ರಾಕ್ಷಿಬಳ್ಳಿಯನ್ನು ಇಂದಿಗೂ ಬುಟ್ಟಿಯಂತೆ ಸುರುಳಿ ಸುತ್ತಿ ನೆಲಕ್ಕಂಟಿಸಿ ಬೆಳೆಸುತ್ತಾರೆ. ಗಾಳಿಯ ಹೊಡೆತ ತಪ್ಪುತ್ತದೆ, ಇಬ್ಬನಿಯ ತೇವವೂ ಉಳಿಯುತ್ತದೆ. ಈಗ ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರಗಳು ಬಂದಿವೆ. ಆದರೆ 15 ಸಾವಿರ ಚಿಲ್ಲರೆ ಜನರಿರುವ ದ್ವೀಪಕ್ಕೆ 2023ರಲ್ಲಿ ಬಂದವರು ಸುಮಾರು 34 ಲಕ್ಷ! ಮನೆಗೆ ಹತ್ತು ನೆಂಟರು ಬಂದರೇ ನಮ್ಮ ಸಂಪು ಬರಿದಾಗುವುದಿಲ್ಲವೇ? ಕೊನೆಗೆ 2025ರಿಂದ ವಿಹಾರ ಹಡಗುಗಳಲ್ಲಿ ದಿನಕ್ಕೆ 8,000 ಜನರಷ್ಟೇ ಬರಬಹುದೆಂಬ ಮಿತಿ ಹಾಕಬೇಕಾಯಿತು.

ಆ ವರ್ಷದ ಆರಂಭದಲ್ಲೇ ಭೂಮಿಯೂ ಎಚ್ಚರಿಸಿತ್ತು. ಜನವರಿ ಕೊನೆಯಿಂದ ದ್ವೀಪದ ಈಶಾನ್ಯದ ಕಡಲಡಿಯಲ್ಲಿ ಸಾವಿರಾರು ಕಂಪನಗಳಾದವು. ಶಾಲೆಗಳನ್ನು ಮುಚ್ಚಿದರು, 11 ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. 1956ರ ಭೂಕಂಪದಲ್ಲಿ 53 ಮಂದಿ ಸತ್ತದ್ದು ಹಿರಿಯರಿಗೆ ಮರೆತಿರಲಿಲ್ಲ. ಸುಮಾರು 30 ಕೋಟಿ ಘನ ಮೀಟರ್ ಶಿಲಾರಸ ಆಳದಿಂದ ಮೇಲೇರಿ, ಕಡಲತಳಕ್ಕೆ ಸುಮಾರು 4 ಕಿಲೋಮೀಟರ್ ಕೆಳಗೆ ನಿಂತಿತೆಂದು ವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕಿದರು. ಸ್ಫೋಟವೇನೂ ಆಗಲಿಲ್ಲ, ಬೇಸಿಗೆಗೆ ಕುರ್ಚಿ, ಕೊಡೆಗಳು ಮತ್ತೆ ಬಿಚ್ಚಿಕೊಂಡವು.

ದ್ವೀಪದ ದಕ್ಷಿಣದಲ್ಲಿ ಅಕ್ರೋಟಿರಿ ಎಂಬ ಪುರಾತನ ಪಟ್ಟಣವಿದೆ. ಸ್ಪಿರಿಡಾನ್ ಮರಿನಾಟೋಸ್ ಎಂಬ ಪುರಾತತ್ತ್ವಜ್ಞ 1967ರಲ್ಲಿ ಅಲ್ಲಿ ಬೂದಿಯನ್ನು ಅಗೆಯತೊಡಗಿದಾಗ ಎರಡು ಮೂರು ಅಂತಸ್ತಿನ ಮನೆಗಳು, ಬಣ್ಣದ ಭಿತ್ತಿಚಿತ್ರಗಳು, ದವಸದ ಗುಡಾಣಗಳು ಸಿಕ್ಕವು. ಸಿಗದೇ ಹೋದದ್ದು ಸ್ಫೋಟಕ್ಕೆ ಬಲಿಯಾದವರ ಅಸ್ಥಿಪಂಜರ. ಮೊದಲು ನೆಲ ನಡುಗಿದಾಗಲೇ ಜನ ಊರು ಬಿಟ್ಟಿದ್ದಿರಬೇಕು. ಭೂಕಂಪಮಾಪಕ, ಉಪಗ್ರಹ ಯಾವುದೂ ಅವರ ಬಳಿ ಇರಲಿಲ್ಲ. ನೆಲದ ಮಾತನ್ನು ನಂಬಿದರು, ಅಷ್ಟೇ. ಹೋಟೆಲಿನ ಮುಂಗಡ ಹಣ ವ್ಯರ್ಥವಾದೀತೆಂಬ ಚಿಂತೆ ಅವರಿಗಿರಲಿಲ್ಲ ಎನ್ನುವುದೂ ನಿಜವೇ.