ನಮ್ಮ ಪಾತ್ರಕ್ಕೆ ಯಾರ ಗಂಟಲು?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಿಚೆಲ್ ನಿಕೋಲ್ಸ್ ಅಂತ ಅಮೆರಿಕದ ಒಬ್ಬ ಕಪ್ಪು ನಟಿ. 1932ರಲ್ಲಿ ಇಲಿನಾಯ್ ರಾಜ್ಯದ ರಾಬಿನ್ಸ್‌ನಲ್ಲಿ ಹುಟ್ಟಿದವರು, 2022ರ ಜುಲೈನಲ್ಲಿ ತೀರಿಕೊಂಡರು. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯಲ್ಲಿ ಅವರದು ಉಹುರಾ ಅನ್ನೋ ಪಾತ್ರ, ಬಾಹ್ಯಾಕಾಶ ನೌಕೆಯ ಸಂಪರ್ಕ ಅಧಿಕಾರಿ. ಕಪ್ಪು ಹೆಣ್ಣು ಅಂದ್ರೆ ಟಿವಿಯಲ್ಲಿ ಮನೆಕೆಲಸದವಳು ಅನ್ನೋ ಕಾಲದಲ್ಲಿ ಆಕೆಗೆ ಯೂನಿಫಾರ್ಮು, ಕುರ್ಚಿ, ಹುದ್ದೆ.

ಅವರ ಬಗ್ಗೆ ನಮ್ಮ ವಲಯದಲ್ಲಿ ಯಾರೇ ಬರೆದರೂ ಒಂದೇ ಕಥೆ ಬರೀತಾರೆ. ಮೊದಲ ಸೀಸನ್ ಮುಗಿದ ಮೇಲೆ ಬಿಟ್ಟು ಹೋಗಬೇಕು ಅಂತಿದ್ದರು, ಒಂದು ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕಿ, ಬಿಡಬೇಡ ಅಂದರು, ಉಳಿದರು. ನಿಕೋಲ್ಸ್ ಅವರೇ ಹೇಳಿಕೊಂಡ ಮಾತು ಇದು. ಕೇರಳದ ಶಾಲೆಯೊಂದರಲ್ಲಿ ತನ್ನನ್ನ ‘ಅಮೆರಿಕದ ಅಸ್ಪೃಶ್ಯ’ ಅಂತ ಪರಿಚಯ ಮಾಡಿಸಿದ್ದನ್ನ ಕಿಂಗ್ ಆಮೇಲೆ ನೆನೆಸಿಕೊಂಡಿದ್ದರಲ್ಲ, ಹಾಗಾಗಿ ನಮಗೂ ಆ ಕಥೆ ಹತ್ತಿರ. ಆದ್ರೆ ಆಕೆ ಯಾಕೆ ಬಿಡೋಕೆ ಹೊರಟಿದ್ರು? ಅದನ್ನ ಯಾರೂ ಕೇಳಲ್ಲ. ನಾಟಕರಂಗದ ಆಸೆ ಇತ್ತು, ನಿಜ. ಜೊತೆಗೆ ಸ್ಕ್ರಿಪ್ಟಿನಲ್ಲಿ ಇದ್ದ ಮಾತುಗಳು ಶೂಟಿಂಗ್ ಹೊತ್ತಿಗೆ ಕತ್ತರಿ ಬಿದ್ದು ಒಂದೆರಡು ಸಾಲಿಗೆ ಇಳೀತಿದ್ವು. ಅಭಿಮಾನಿಗಳು ಬರೆದ ಕಾಗದ ಸ್ಟುಡಿಯೋದ ಟಪಾಲು ಕೋಣೆಗೆ ಬಂದರೂ ತನ್ನ ಕೈಗೆ ಕೊಡ್ತಿರಲಿಲ್ಲ ಅಂತ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಈ ಟಪಾಲಿನ ವಿಷಯ ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ನಾನು ಗುಮಾಸ್ತ. ಹಿಂದೆ ಒಂದು ಕಚೇರಿಯಲ್ಲಿ ಆವಕ ವಿಭಾಗದಲ್ಲಿದ್ದೆ. ನಮ್ಮವರ ಕೇರಿಯಿಂದ ಸ್ಮಶಾನದ ಜಾಗಕ್ಕೆ ಅರ್ಜಿ ಬಂತು. ‘ನಂಬರ್ ಹಾಕಬೇಡ, ಹಾಗೇ ಇಡು’ ಅಂತ ಮೇಲಿನವರು ಹೇಳಿದ್ರು. ನಂಬರ್ ಬೀಳದ ಅರ್ಜಿ ಹುಟ್ಟೇ ಇಲ್ಲ ಅಂತ ಲೆಕ್ಕ. ಹದಿನೈದು ದಿನ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಆಮೇಲೆ ಹಾಕಿದೆ, ಬೈಸಿಕೊಂಡೆ. ಆದ್ರೆ ಆ ಹದಿನೈದು ದಿನ ನಾನೂ ಆ ಸ್ಟುಡಿಯೋದ ಟಪಾಲು ಕೋಣೆಯವನೇ.

ಈಗ ನಾನು ಹೇಳಬೇಕಂತಿದ್ದ ವಿಷಯ. 1973ರಲ್ಲಿ ಅದೇ ಸ್ಟಾರ್ ಟ್ರೆಕ್ ಕಾರ್ಟೂನ್ ಆಯ್ತು. ಉಹುರಾ ಚಿತ್ರ ಇರುತ್ತೆ, ಬಣ್ಣ ಕಪ್ಪೇ, ಆದ್ರೆ ಧ್ವನಿಗೆ ನಿಕೋಲ್ಸ್ ಬೇಡ. ದುಡ್ಡು ಉಳಿಸೋಕೆ ಬಿಳಿಯ ನಟಿ ಮೇಜಲ್ ಬ್ಯಾರೆಟ್ ಅವರಿಂದಲೇ ಹೇಳಿಸೋಣ ಅಂತ ಕಂಪನಿಯ ಲೆಕ್ಕಾಚಾರ. ಜಪಾನಿ ಮೂಲದ ಜಾರ್ಜ್ ಟಕೇಯಿ ಪಾತ್ರಕ್ಕೂ ಹಾಗೇ. ಆಗ ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೋಯ್, ಅವರಿಬ್ಬರು ಇಲ್ಲದಿದ್ರೆ ನನ್ನ ಧ್ವನಿಯೂ ಇಲ್ಲ ಅಂದುಬಿಟ್ಟರು. ಇಬ್ಬರನ್ನೂ ಕರೆಸಿದರು. (ಚೆಕೋವ್ ಪಾತ್ರದ ವಾಲ್ಟರ್ ಕೊಯೆನಿಗ್ ಬಿಳಿಯರೇ, ಅವರೂ ಬಜೆಟ್ಟಿಗೆ ಬಲಿಯಾದರು. ಅದನ್ನ ಮುಚ್ಚಿಡೋದು ಬೇಡ.) ನಿಕೋಲ್ಸ್ ಆ ಕಾರ್ಟೂನಿನಲ್ಲಿ ಉಹುರಾ ಅಲ್ಲದೆ ಬೇರೆ ಪಾತ್ರಗಳಿಗೂ ಧ್ವನಿ ಕೊಟ್ಟರು, ಮುಂದೆ ‘ಗಾರ್ಗಾಯ್ಲ್ಸ್’, ‘ಫ್ಯೂಚುರಾಮಾ’ಗಳಲ್ಲೂ ಆ ಕೆಲಸ ಮಾಡಿದರು.

ನಮ್ಮ ಪ್ರಗತಿಪರ ಸವರ್ಣ ಗೆಳೆಯರು ನಿಮೋಯ್ ಮಾಡಿದ್ದನ್ನ ಗಮನಿಸಿ. ‘ನಿಮ್ಮ ಪರವಾಗಿ ನಾನು ಮಾತಾಡ್ತೀನಿ’ ಅನ್ನಲಿಲ್ಲ ಆತ. ತನ್ನ ಸಂಬಳವನ್ನ ಮೇಜಿನ ಮೇಲಿಟ್ಟರು. ನಮ್ಮಲ್ಲಿ ಸೆಮಿನಾರಿನ ಪೋಸ್ಟರ್ ನೋಡಿ, ದಲಿತರ ಬಗ್ಗೆ ಮಾತಾಡೋಕೆ ನಾಲ್ಕು ಜನ, ನಾಲ್ಕೂ ಜನ ಅವರೇ. ಒಬ್ಬರಾದ್ರೂ ‘ಹಂಗಾದ್ರೆ ನಾನು ಬರಲ್ಲ’ ಅಂದಿದ್ದು ಕೇಳಿದ್ದೀರಾ?

ಬಿಳಿಯ ನಟರು ಇನ್ನು ಮುಂದೆ ಬೇರೆ ಬಣ್ಣದ ಪಾತ್ರಗಳಿಗೆ ಧ್ವನಿ ಕೊಡಲ್ಲ ಅಂತ ‘ದಿ ಸಿಂಪ್ಸನ್ಸ್’ ನವರು ಹೇಳಿದ್ದು 2020ರಲ್ಲಿ. 1973ರಿಂದ ಎಣಿಸಿ. ನಾವಂತೂ ಆ ಪ್ರಶ್ನೆಯನ್ನೇ ಎತ್ತಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ‘ಕಂಠದಾನ’ ಅಂತೀವಿ, ಕೂಲಿಗೆ ದಾನ ಅನ್ನೋ ಹೆಸರು! ಸೀರಿಯಲ್ ಹಾಕಿದ್ರೆ ನಮ್ಮವ್ವನ ಮಾತು ಮನೆಕೆಲಸದವಳ ಬಾಯಲ್ಲಿ, ನಗಿಸೋಕೆ. ಆ ಮಾತಾಡೋರು ಅದನ್ನ ಅಣಕಿಸಿ ಕಲಿತವರು ಅಂತ ಕೇಳಿದ ತಕ್ಷಣ ಗೊತ್ತಾಗುತ್ತೆ.

ನಿಕೋಲ್ಸ್ 1977ರಲ್ಲಿ ನಾಸಾ ಪರವಾಗಿ ಊರೂರು ತಿರುಗಿ ಹೆಂಗಸರಿಗೆ, ಕಪ್ಪು ಜನಕ್ಕೆ ಅರ್ಜಿ ಹಾಕಿ ಅಂತ ಕರೆದರು. 1978ರಲ್ಲಿ ಆರಿಸಿದ 35 ಜನರಲ್ಲಿ 6 ಹೆಂಗಸರು, 3 ಕಪ್ಪು ಗಂಡಸರು. 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್, ಉಹುರಾಳನ್ನ ನೋಡಿ ಬೆಳೆದವರು.

ಬೇರೆಯವರಿಗೆ ಮಾತ್ರ ಹೇಳ್ತಿಲ್ಲ. ಏಪ್ರಿಲ್ 14ಕ್ಕೆ ನಮ್ಮ ಏರಿಯಾದ ಜಯಂತಿಗೆ ಪ್ರತಿ ವರ್ಷ ನಿರೂಪಣೆಗೆ ಹೊರಗಿನವರನ್ನ ದುಡ್ಡು ಕೊಟ್ಟು ಕರೆಸ್ತೀವಿ, ‘ಉಚ್ಚಾರಣೆ ಸ್ಪಷ್ಟ’ ಅಂತ. ಈ ಸಲ ನಮ್ಮ ಬೀದಿಯ ಡಿಗ್ರಿ ಹುಡುಗಿ ಮಾಡಲಿ ಅಂದೆ. ಕಮಿಟಿಯಲ್ಲಿ ನಮ್ಮಣ್ಣಂದಿರೇ, ‘ಅವಳಿಗೆ ಹಕಾರ ಬರಲ್ಲ ಕಣಪ್ಪಾ, ಸ್ಟೇಜ್ ಮೇಲೆ ಮರ್ಯಾದೆ ಹೋಗುತ್ತೆ’ ಅಂದ್ರು. ಹಾಲು ಆಲಾದ್ರೆ ಯಾರ ಮರ್ಯಾದೆ ಹೋಗುತ್ತಣ್ಣಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಭಾನುವಾರ ಮತ್ತೆ ಮೀಟಿಂಗ್ ಇದೆ. ನನ್ನದು ವಂದನಾರ್ಪಣೆ ಅಂತ ಹೆಸರು ಹಾಕಿದ್ದಾರೆ. ಅವಳ ಕೈಗೆ ಮೈಕ್ ಇಲ್ಲದಿದ್ರೆ ನನ್ನ ಹೆಸರೂ ತೆಗೀರಿ ಅಂತ ಹೇಳೋನಿದ್ದೀನಿ.