ಒಂದೇ ಗಾಯ, ಎರಡು ಲೆಕ್ಕ



ಸೇನೆಯಲ್ಲಿರುವ ಯುವಕನೊಬ್ಬ ಗಾಯಗೊಂಡರೆ ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿ ಬರುತ್ತದೆ. ಊರವರು ನೋಡಲು ಹೋಗುತ್ತಾರೆ, ಸಭೆ ಮಾಡಿ ಶಾಲು ಹೊದಿಸುತ್ತಾರೆ. ಅದರ ನಂತರದ ಮೂವತ್ತು, ನಲ್ವತ್ತು ವರ್ಷಗಳನ್ನು ದೂಡಬೇಕಾದವಳು ಅವನ ಮನೆಯಾಕೆ. ಮಕ್ಕಳ ಫೀಸು, ಮದ್ದು, ಬಾಡಿಗೆ, ಅಕ್ಕಿ ಎಲ್ಲವೂ ತಿಂಗಳಿಗೊಮ್ಮೆ ಬ್ಯಾಂಕಿಗೆ ಬಂದು ಬೀಳುವ ಪಿಂಚಣಿಯಲ್ಲೇ ನಡೆಯಬೇಕು. ಆ ಪಿಂಚಣಿ ಎಷ್ಟು ಎಂಬುದು ವೈದ್ಯಕೀಯ ಮಂಡಳಿಯ ಕಾಗದದಲ್ಲಿ ಬರೆದಿರುವ ಒಂದು ಅಂಕಿ ಮತ್ತು ಎರಡು ಮೂರು ಇಂಗ್ಲಿಷ್ ಪದಗಳ ಮೇಲೆ ನಿಂತಿದೆ ಎಂಬ ಸಂಗತಿ ಎಷ್ಟೋ ಮನೆಗಳಲ್ಲಿ ಬಹಳ ತಡವಾಗಿ ಗೊತ್ತಾಗುತ್ತದೆ. ಈ ತಿಂಗಳು ಅದರ ಬಗ್ಗೆಯೇ ಸ್ವಲ್ಪ ಮಾತಾಡೋಣ.

ಸೈನಿಕನ ಆರೋಗ್ಯವನ್ನು ಸೇನೆ 'ಶೇಪ್' ಎಂಬ ಪದದಿಂದ ಅಳೆಯುತ್ತದೆ. ಮನಸ್ಸು, ಕಿವಿ, ಕೈಕಾಲು, ದೇಹದ ಶಕ್ತಿ, ಕಣ್ಣು ಎಂಬ ಐದು ವಿಷಯಗಳ ಇಂಗ್ಲಿಷ್ ಮೊದಲಕ್ಷರಗಳಿವು. ಎಲ್ಲವೂ ಸರಿ ಇದ್ದರೆ 'ಶೇಪ್ ಒನ್'. ಗಾಯವೋ ಕಾಯಿಲೆಯೋ ಬಂದರೆ ದರ್ಜೆ ಕೆಳಗಿಳಿಯುತ್ತದೆ. ಇನ್ನು ಕೆಲಸ ಸಾಧ್ಯವೇ ಇಲ್ಲ ಎಂದಾದರೆ ಮಂಡಳಿಯ ಮುಂದೆ ನಿಲ್ಲಿಸಿ ಅವಧಿಗೆ ಮೊದಲೇ ಮನೆಗೆ ಕಳಿಸುತ್ತಾರೆ. ಕೆಳದರ್ಜೆಯಲ್ಲೇ ಹಗುರ ಕೆಲಸ ಮಾಡಿಕೊಂಡು ಅವಧಿ ಮುಗಿಸುವವರೂ ಇದ್ದಾರೆ. ಅವರನ್ನು ನಿವೃತ್ತಿಯ ಹೊತ್ತಿಗೆ ಇನ್ನೊಂದು ಮಂಡಳಿ ಪರೀಕ್ಷಿಸುತ್ತದೆ. ಇಬ್ಬರ ಕಾಗದದಲ್ಲೂ ಮಂಡಳಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಈ ಊನ ಸೇವೆಯಿಂದಾಗಿ ಬಂದದ್ದೇ, ಅಥವಾ ಸೇವೆಯಿಂದಾಗಿ ಹೆಚ್ಚಾದದ್ದೇ? ಊನ ಶೇಕಡಾ ಎಷ್ಟು?

ಮೊದಲನೆಯ ಪ್ರಶ್ನೆಗೆ 'ಅಟ್ರಿಬ್ಯೂಟೇಬಲ್' ಅಥವಾ 'ಅಗ್ರಾವೇಟೆಡ್' ಎಂದು ಬರೆದಿದ್ದರೆ ಬಾಗಿಲು ತೆರೆಯಿತು. ಎರಡೂ ಅಲ್ಲ ಎಂದು ಬರೆದರೆ ಅಂಗವೈಕಲ್ಯದ ಪಾಲು ಅಲ್ಲಿಗೇ ಮುಗಿಯಿತು, ಶೇಕಡಾ ಎಷ್ಟಿದ್ದರೂ ಉಪಯೋಗವಿಲ್ಲ. ಎರಡನೆಯ ಪ್ರಶ್ನೆಯಲ್ಲಿ ಗೆರೆ ಇರುವುದು 20ರಲ್ಲಿ. ಅವಧಿ ಮುಗಿಸಿ ನಿವೃತ್ತನಾಗುವವನಿಗೆ 19 ಎಂದು ಬರೆದರೆ ಏನೂ ಇಲ್ಲ, 20 ಎಂದು ಬರೆದರೆ ಜೀವಮಾನವಿಡೀ ಇದೆ. ಒಬ್ಬ ಡಾಕ್ಟರರ ಪೆನ್ನಿನ ತುದಿಯಲ್ಲಿ ಇಷ್ಟೊಂದು ಭಾರ! ಅನಾರೋಗ್ಯದ ಕಾರಣಕ್ಕೆ ಸೇನೆಯೇ ಹೊರಗೆ ಕಳಿಸಿದ ಸೈನಿಕನ ಊನವನ್ನು 20ಕ್ಕಿಂತ ಹೆಚ್ಚೆಂದೇ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕೆಲಸಕ್ಕೆ ಬಾರದವನೆಂದು ನೀವೇ ಹೇಳಿ ಕಳಿಸಿ, ಊನ ಮಾತ್ರ ಅಲ್ಪ ಎನ್ನುವುದು ಹೇಗೆ?

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ಹಿಡಿದುಕೊಂಡರೆ ಒಳ್ಳೆಯದು.

ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಪಾಲುಗಳಿವೆ. ಒಂದು ಮಾಡಿದ ಸೇವೆಗೆ, ಇನ್ನೊಂದು ಊನಕ್ಕೆ. ಊನ 100 ಶೇಕಡಾ ಆಗಿದ್ದರೆ ಆ ಎರಡನೆಯ ಪಾಲು ಕೊನೆಯ ವೇತನದ 30 ಶೇಕಡಾ. ಊನ ಕಡಿಮೆಯಾದಂತೆ ಅದೂ ಅದೇ ಪ್ರಮಾಣದಲ್ಲಿ ಕಡಿಮೆ. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ ನೂರು ಊನವಿದ್ದವನಿಗೆ 12,000. 20 ಶೇಕಡಾ ಇದ್ದವನಿಗೆ 2,400.

ಇಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. ಐದನೇ ವೇತನ ಆಯೋಗದ ಕಾಲದಿಂದ, ಅಂದರೆ 1996ರ ಜನವರಿ 1ರಿಂದ, ಈ ಅಂಕಿಯನ್ನು ಮೇಲಕ್ಕೆ ಏರಿಸಿ ಲೆಕ್ಕ ಹಾಕುವ ಪದ್ಧತಿ ಬಂತು. ಡಾಕ್ಟರರು ಬರೆದದ್ದು 50ಕ್ಕಿಂತ ಕಡಿಮೆಯಾದರೆ 50 ಎಂದು, 50ರಿಂದ 75ರೊಳಗಿದ್ದರೆ 75 ಎಂದು, 76 ಮತ್ತು ಅದಕ್ಕಿಂತ ಮೇಲಿದ್ದರೆ 100 ಎಂದು ಹಿಡಿಯುತ್ತಾರೆ. ಎರಡು ಮಂಡಳಿಗಳು ಒಂದೇ ಗಾಯಕ್ಕೆ ಬೇರೆ ಬೇರೆ ಅಂಕಿ ಬರೆಯುವುದರಿಂದ ಆಗುವ ಅನ್ಯಾಯ ತಪ್ಪಲಿ ಎಂಬುದು ಉದ್ದೇಶ. ಹಾಗಾಗಿ ಮೇಲೆ ಹೇಳಿದ 20 ಶೇಕಡಾದವನಿಗೆ 2,400ರ ಬದಲು 6,000 ಸಿಗುತ್ತದೆ. ಆದರೆ ಸರಕಾರ ಇದನ್ನು ಅವಧಿಗೆ ಮೊದಲೇ ಹೊರಬಂದವರಿಗೆ ಮಾತ್ರ ಕೊಟ್ಟಿತು. ಊನವನ್ನು ಸಹಿಸಿಕೊಂಡು ಪೂರ್ತಿ ದುಡಿದವನಿಗೆ ಇಲ್ಲ! 2014ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ ಈ ಭೇದವನ್ನು ಒಪ್ಪಲಿಲ್ಲ. ಅವಧಿ ಮುಗಿಸಿದವರಿಗೂ ಏರಿಸಿದ ಅಂಕಿಯ ಪ್ರಕಾರವೇ ಕೊಡಬೇಕೆಂದಾಯಿತು. ಅದಕ್ಕೂ ಹದಿನೆಂಟು ವರ್ಷ ಬೇಕಾಯಿತು ನೋಡಿ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ಎರಡು ಲೆಕ್ಕದ ವಿಷಯ. ಇಬ್ಬರು ಸೈನಿಕರು ಕಾಲು ಕಳಕೊಂಡಿದ್ದಾರೆ. ಇಬ್ಬರ ಕೊನೆಯ ವೇತನವೂ 40,000. ಇಬ್ಬರಿಗೂ ಮಂಡಳಿ 60 ಶೇಕಡಾ ಎಂದು ಬರೆದು ಮನೆಗೆ ಕಳಿಸಿದೆ. ಏರಿಸಿದ ಮೇಲೆ ಇಬ್ಬರದ್ದೂ 75. ಒಬ್ಬನ ಕಾಲು ಹೋದದ್ದು ಕ್ಯಾಂಪಿನೊಳಗೆ, ಕರ್ತವ್ಯದಲ್ಲಿದ್ದಾಗ ಸೇನಾ ವಾಹನ ಮಗುಚಿ. ಇನ್ನೊಬ್ಬನದ್ದು ಗಡಿಯಲ್ಲಿ ನೆಲಬಾಂಬು ಸಿಡಿದು. ಮೊದಲನೆಯವನಿಗೆ ಊನದ ಪಾಲಾಗಿ ಬರುವುದು 9,000 ರೂಪಾಯಿ. ಎರಡನೆಯವನದ್ದು ಯುದ್ಧ ಗಾಯದ ಪಿಂಚಣಿ. ಅದರಲ್ಲಿ 100 ಶೇಕಡಾ ಊನಕ್ಕೆ ಕೊನೆಯ ವೇತನದಷ್ಟೇ ಹಣ, 75ಕ್ಕೆ 30,000 ರೂಪಾಯಿ. ಅವನು ಸೇವೆಯಲ್ಲೇ ಉಳಿದು ಅವಧಿ ಮುಗಿಸಿ ನಿವೃತ್ತನಾದರೆ ಲೆಕ್ಕ ಬೇರೆ. ಆಗ 100ಕ್ಕೆ ವೇತನದ 60 ಶೇಕಡಾ, 75ಕ್ಕೆ 18,000 ರೂಪಾಯಿ. ಸೇವೆಯ ಪಾಲು ಮತ್ತು ತುಟ್ಟಿಭತ್ಯೆ ಇವೆಲ್ಲದರ ಮೇಲೆ ಸೇರುತ್ತವೆ.

ಯುದ್ಧ ಗಾಯ ಎಂದರೆ ಶತ್ರುವಿನ ಗುಂಡು ತಾಗಿದ್ದು ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2001ರ ಜನವರಿ 31ರ ರಕ್ಷಣಾ ಸಚಿವಾಲಯದ ಆದೇಶ ಸಾವು ಮತ್ತು ಊನಗಳನ್ನು 'ಎ'ಯಿಂದ 'ಇ'ವರೆಗೆ ಐದು ವರ್ಗಗಳಾಗಿ ವಿಂಗಡಿಸಿತು. ಯುದ್ಧ ಮತ್ತು ಯುದ್ಧದಂಥ ಕಾರ್ಯಾಚರಣೆ ಬರುವುದು 'ಇ' ವರ್ಗದಲ್ಲಿ. ಗಡಿಯ ಬಳಿ ಕಾರ್ಯಾಚರಣೆಗಾಗಿ ನೆಲಬಾಂಬು ಹೂಳುವಾಗ ಅಥವಾ ತೆಗೆಯುವಾಗ ಆದ ಗಾಯವೂ ಅದರಲ್ಲಿ ಸೇರುತ್ತದೆ, ಆ ಬಾಂಬು ನಮ್ಮ ಸೇನೆಯದ್ದೇ ಆಗಿದ್ದರೂ ಸರಿ. ಆದ್ದರಿಂದ ಗಾಯವಾದ ದಿನ ಘಟಕದವರು ಅದನ್ನು 'ಬ್ಯಾಟಲ್ ಕ್ಯಾಶುವಾಲ್ಟಿ' ಎಂದು ದಾಖಲಿಸಿದರೇ, ಬರೇ ದೈಹಿಕ ಗಾಯ ಎಂದು ದಾಖಲಿಸಿದರೇ ಎಂಬುದು ಮುಂದೆ ತಿಂಗಳಿಗೆ ಸಾವಿರಾರು ರೂಪಾಯಿಗಳ ವ್ಯತ್ಯಾಸ ತರುತ್ತದೆ. ಪ್ರಜ್ಞೆ ತಪ್ಪಿ ಹೆಲಿಕಾಪ್ಟರಿನಲ್ಲಿ ಮಲಗಿರುವವನಿಗೆ ಆ ಹೊತ್ತಿನಲ್ಲಿ ಅದನ್ನೆಲ್ಲ ಕೇಳಲು ಆಗುತ್ತದೆಯೇ? ಕೇಳಬೇಕಾದವರು ಮನೆಯವರು, ಅದೂ ಸ್ವಲ್ಪ ಸಾವರಿಸಿಕೊಂಡ ಕೂಡಲೇ.

ರಜೆಯ ವಿಷಯದಲ್ಲೂ ಜಾಗ್ರತೆ ಬೇಕು. ಘಟಕದಿಂದ ಊರಿಗೆ, ಊರಿಂದ ಘಟಕಕ್ಕೆ ಪ್ರಯಾಣ ಮಾಡುವಾಗ ಆದ ಅಪಘಾತವನ್ನು ಕರ್ತವ್ಯದ ಲೆಕ್ಕಕ್ಕೆ ಸೇರಿಸಲು ನಿಯಮದಲ್ಲಿ ದಾರಿಯಿದೆ. ಊರಿಗೆ ಬಂದು ಸ್ಕೂಟರಿನಲ್ಲಿ ಪೇಟೆಗೆ ಹೋದಾಗ ಬಿದ್ದರೆ ಹಾಗಲ್ಲ. 2011ರಲ್ಲಿ ಜುಝಾರ್ ಸಿಂಗ್ ಎಂಬವರ ಪ್ರಕರಣ ಅಂಥದ್ದೇ. ಗಾಯಕ್ಕೂ ಸೇವೆಗೂ ಸಂಬಂಧ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿ ಪಿಂಚಣಿಯನ್ನು ಒಪ್ಪಲಿಲ್ಲ.

ಗಾಯವಾದರೆ ಕಣ್ಣಿಗೆ ಕಾಣುತ್ತದೆ. ಕಾಯಿಲೆಯಾದರೆ ಜಗಳ ಹೆಚ್ಚು. ಧರಮ್‌ವೀರ್ ಸಿಂಗ್ ಎಂಬವರು 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದವರು. 1994ರಲ್ಲಿ ಅಪಸ್ಮಾರ ಇದೆ, ಊನ 20 ಶೇಕಡಾ ಎಂದು ಅವರನ್ನು ಮನೆಗೆ ಕಳಿಸಿದರು. ಕಾಯಿಲೆ ನಿಮ್ಮ ದೇಹದ್ದು, ಸೇವೆಗೂ ಅದಕ್ಕೂ ಸಂಬಂಧ ಇಲ್ಲ ಎಂದು ಪಿಂಚಣಿ ಕೊಡಲಿಲ್ಲ. ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪನ್ನು ಇಂದಿಗೂ ಈ ಮೊಕದ್ದಮೆಗಳಲ್ಲಿ ಎತ್ತಿ ಹೇಳುತ್ತಾರೆ. ಸೇರುವಾಗ ಸೇನೆಯ ಡಾಕ್ಟರರೇ ಪರೀಕ್ಷಿಸಿ ಆರೋಗ್ಯವಂತ ಎಂದು ತೆಗೆದುಕೊಂಡಿದ್ದಾರೆ. ಆಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು. ಅಲ್ಲ ಎನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು. ರುಜುವಾತು ಮಾಡುವ ಹೊರೆ ಸೈನಿಕನ ಮೇಲಿಲ್ಲ, ಸಂಶಯದ ಲಾಭ ಅವನಿಗೇ ಸಿಗಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಲ್ಲೂ ಇದೇ ವಾದ ನಡೆಯುತ್ತದೆ. ಶಾಂತಿಯ ಸ್ಥಳದಲ್ಲಿದ್ದಾಗ ಬಂತು ಎಂಬುದೊಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು ದಿಲ್ಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ.

ಆದರೆ 2023ರ ಸೆಪ್ಟೆಂಬರ್ 21ರಿಂದ ಸರಕಾರ ಹೊಸ ನಿಯಮಗಳನ್ನು ತಂದಿದೆ. ಅವಧಿ ಮುಗಿಸಿ ನಿವೃತ್ತರಾಗುವವರ ಊನದ ಪಾಲಿಗೆ ಈಗ 'ಇಂಪೇರ್‌ಮೆಂಟ್ ರಿಲೀಫ್' ಎಂಬ ಹೆಸರು. ಇದು ಹಕ್ಕನ್ನು ಬಿಗಿಗೊಳಿಸುವ ಕ್ರಮ ಎಂದು ಮಾಜಿ ಸೈನಿಕರು ಪ್ರತಿಭಟಿಸಿದರು. ಹಿಂದೆ ನಿವೃತ್ತರಾದವರಿಗೆ ಇದು ತಟ್ಟುವುದಿಲ್ಲ ಎಂದು ಸಚಿವಾಲಯ ಸ್ಪಷ್ಟಪಡಿಸಿದೆ. ನಿಮ್ಮ ಮನೆಯವರು ಆ ದಿನಾಂಕದ ನಂತರ ನಿವೃತ್ತರಾಗಿದ್ದರೆ ಮೇಲೆ ಹೇಳಿದ ಲೆಕ್ಕವನ್ನೇ ನೆಚ್ಚಿಕೊಳ್ಳದೆ ಹೊಸ ನಿಯಮದ ಪ್ರಕಾರ ಕೇಳಿ ತಿಳಿದುಕೊಳ್ಳಿ.

ಬೇರೆ ದೇಶಗಳಲ್ಲಿ ಎಲ್ಲ ಸಲೀಸು ಎಂದು ತಿಳಿಯಬೇಡಿ. ಶ್ರೀಮಂತ ಅಮೆರಿಕದಲ್ಲಿ 1891ರ ಕಾನೂನಿನಿಂದಾಗಿ ನಿವೃತ್ತಿ ವೇತನ ಮತ್ತು ಅಂಗವೈಕಲ್ಯದ ಪರಿಹಾರ ಎರಡನ್ನೂ ಪೂರ್ತಿಯಾಗಿ ಪಡೆಯುವಂತಿರಲಿಲ್ಲ. ಒಂದು ಕೈಯಲ್ಲಿ ಕೊಟ್ಟಷ್ಟನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು. 2003, 2004ರಿಂದ ಎರಡು ದಾರಿಗಳು ತೆರೆದವು. 20 ವರ್ಷ ದುಡಿದು 50 ಶೇಕಡಾ ಅಥವಾ ಹೆಚ್ಚು ಊನ ಇರುವವರಿಗೆ ಎರಡೂ ಸಿಗುತ್ತದೆ. 40 ಇದ್ದವನಿಗೆ ಆ ದಾರಿಯಿಲ್ಲ, ಊನ ಯುದ್ಧಕ್ಕೆ ಸಂಬಂಧಿಸಿದ್ದೆಂದು ತೋರಿಸಿ ಬೇರೊಂದು ಪರಿಹಾರ ಕೇಳಬೇಕು. ಅಲ್ಲಿ ಊನಗಳನ್ನು ಕೂಡಿಸುವ ರೀತಿಯೂ ವಿಚಿತ್ರ. ಬೆನ್ನಿಗೆ 50, ಮಂಡಿಗೆ 30 ಎಂದರೆ 80 ಆಗುವುದಿಲ್ಲ. 50 ಹೋದ ಮೇಲೆ ಉಳಿದ 50ರಲ್ಲಿ 30 ಶೇಕಡಾ, ಅಂದರೆ 15, ಒಟ್ಟು 65, ಅದನ್ನು 70 ಎಂದು ಹಿಡಿಯುತ್ತಾರೆ. ಯುದ್ಧ ಸಂಬಂಧಿ ಪರಿಹಾರದ ಬಾಕಿಯನ್ನು ಆರು ವರ್ಷಕ್ಕೆ ಸೀಮಿತಗೊಳಿಸುವಂತಿಲ್ಲ ಎಂದು 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಬಾಕಿಯ ವಿಷಯದಲ್ಲಿ ನಮ್ಮಲ್ಲಿ ಸ್ಥಿತಿ ಅಷ್ಟು ಉದಾರವಾಗಿಲ್ಲ. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಸೇವೆಯಿಂದ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. ಪಿಂಚಣಿಗೆ ಹಕ್ಕಿದೆ, ಆದರೆ ಬಾಕಿ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷದ್ದು ಮಾತ್ರ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಉಳಿದ ವರ್ಷಗಳ ಹಣ ಕೈಬಿಟ್ಟು ಹೋಯಿತು. ಆದ್ದರಿಂದ 'ಇಲ್ಲ' ಎಂಬ ಪತ್ರ ಬಂದಾಗ ಸುಮ್ಮನೆ ಕೂರಬೇಡಿ. ಮೇಲ್ಮನವಿ ಎಲ್ಲಿಗೆ, ಎಷ್ಟು ದಿನದೊಳಗೆ ಎಂದು ಸರಿಯಾಗಿ ಕೇಳಿ. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾನೂನಿನಂತೆ ಸ್ಥಾಪನೆಯಾಗಿ 2009ರಿಂದ ಕೆಲಸ ಮಾಡುತ್ತಿದೆ. ದಾರಿ ಗೊತ್ತಾಗದಿದ್ದರೆ ಮೊದಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಕೊಡಗು, ಬೆಳಗಾವಿಯಂಥ ಕಡೆ ಮಾಜಿ ಸೈನಿಕರು ಹೆಚ್ಚಿರುವುದರಿಂದ ತಿಳಿದವರು ಸಿಗುತ್ತಾರೆ. ಉಳಿದೆಡೆ ಹುಡುಕಬೇಕಾಗುತ್ತದೆ.

ಹೆಂಡತಿಯ ಪಾಲಿಗೆ ಇದರಲ್ಲಿ ಇನ್ನೂ ಎರಡು ಸಂಗತಿಗಳಿವೆ. ಒಂದು, 100 ಶೇಕಡಾ ಊನವಾಗಿ ಸದಾ ಒಬ್ಬರ ಸಹಾಯ ಬೇಕೆಂದು ಮಂಡಳಿ ಶಿಫಾರಸು ಮಾಡಿದರೆ ಸಹಾಯಕ ಭತ್ಯೆ ಬೇರೆಯೇ ಸಿಗುತ್ತದೆ. ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು ಎಲ್ಲವನ್ನೂ ಮನೆಯಾಕೆಯೇ ಮಾಡುವುದರಿಂದ ಯಾರಿಗೂ ಅದೊಂದು ಕೆಲಸ ಎಂದು ತೋರುವುದೇ ಇಲ್ಲ, ಕೇಳಲು ನೆನಪೂ ಆಗುವುದಿಲ್ಲ. ಮಂಡಳಿಯ ಕಾಗದದಲ್ಲಿ ಆ ಶಿಫಾರಸಿನ ಸಾಲು ಇದೆಯೇ ನೋಡಿ.

ಇನ್ನೊಂದು, ಗಂಡ ತೀರಿಹೋದರೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ 30 ಶೇಕಡಾ. ಸಾವು ಸೇವೆಯ ಕಾರಣದಿಂದ ಎಂದು ಒಪ್ಪಿಕೊಂಡರೆ 60 ಶೇಕಡಾದ ವಿಶೇಷ ಕುಟುಂಬ ಪಿಂಚಣಿ. ಯುದ್ಧದಲ್ಲಾದರೆ ವೇತನದಷ್ಟೇ. ಗಂಡನ ಕಾಯಿಲೆಗೆ ಅಂದು ಮಂಡಳಿ ಬರೆದ ಆ ಪದಗಳು ಇಲ್ಲಿಗೂ ಬರುತ್ತವೆ. ಅವನು ಬದುಕಿದ್ದಾಗ ಹೋಗಲಿ ಬಿಡು ಎಂದು ಬಿಟ್ಟ ವಿಷಯವನ್ನು ವಿಧವೆ ಒಬ್ಬಂಟಿಯಾಗಿ ಎತ್ತಬೇಕಾದರೆ ಎಷ್ಟು ಕಷ್ಟ, ಯೋಚಿಸಿ.

ನಮ್ಮ ಮನೆಗಳಲ್ಲಿ ಹೆಸರಿನ ತೊಂದರೆಯೂ ಇದೆ. ಸೇವಾ ದಾಖಲೆಯಲ್ಲಿ ಖೈರುನ್ನಿಸಾ, ಆಧಾರ್‌ನಲ್ಲಿ ಖೈರುನ್ನೀಸ ಬಾನು, ಬ್ಯಾಂಕಿನಲ್ಲಿ ಕೆ. ಬೇಗಂ. ಪಿಂಚಣಿ ಈಗ 'ಸ್ಪರ್ಶ್' ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಬರುತ್ತದೆ. ಅದಕ್ಕೆ ಇವರು ಮೂವರೂ ಒಬ್ಬಳೇ ಎಂದು ತಿಳಿಯುವುದಿಲ್ಲ. ಗಂಡ ಇರುವಾಗಲೇ ತಿದ್ದಿಸಿ.

ಮಗ ಅಗ್ನಿವೀರನಾಗಿ ಸೇರಿದ್ದರೆ ಲೆಕ್ಕ ಪೂರ್ತಿ ಬೇರೆ. 2022ರ ಆ ಯೋಜನೆಯ ನಾಲ್ಕು ವರ್ಷಗಳ ಸೇವೆಗೆ ಪಿಂಚಣಿ ಇಲ್ಲ. ಸೇವೆಯಿಂದ ಊನವಾದರೆ ಒಮ್ಮೆಲೇ ಕೊಡುವ ಮೊತ್ತವಿದೆ. ಊನ 100 ಶೇಕಡಾ ಆದರೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಅಲ್ಲೂ ಮಂಡಳಿ ಬರೆಯುವುದು ಅದೇ ಪದಗಳನ್ನು, ಅದೇ ರೀತಿಯ ಅಂಕಿಯನ್ನು. ಮಂಡಳಿಯ ವರದಿ, ಗಾಯದ ವರದಿ, ವಿಚಾರಣೆ ನಡೆದಿದ್ದರೆ ಅದರ ಪ್ರತಿ, ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿ, ಬಿಡುಗಡೆ ಪುಸ್ತಕ, ಇವುಗಳ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದನ್ನು ತಾಯಿಯ ಕಪಾಟಿನಲ್ಲಿ, ಇನ್ನೊಂದನ್ನು ಹೆಂಡತಿಯ ಕಪಾಟಿನಲ್ಲಿ ಇಡಿ.